ಅಜ್ಜಿಯ ಸಿಂಬಿ ಮತ್ತ ಕುತ್ತಿಗಿ ನೋವು
ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆ ಹಳೇ ಮನ್ಯಾಗ ಹುಡುಕಿದ್ರ ಹಳೇ ಸೀರಿ ಸುತ್ತಿ ಮಾಡಿದ ಒಂದು ಸಿಂಬಿ ಇವತ್ತಿಗೂ ಸಿಗ್ತೈತಿ. ಅಡವಿಯ ಕಟಗಿ ಹೊರಿ, ಬಾವಿಯ ಕೊಡ, ಹೊಲದ ಹುಲ್ಲು ಎಲ್ಲಾ ಹೆಣ್ಣುಮಕ್ಕಳ ತಲಿ ಮ್ಯಾಲೇ ಮನಿಗೆ ಬರ್ತಿತ್ತು. ಸಿಂಬಿ ನೆತ್ತಿ ಕಾಯ್ತಿತ್ತು. ಭಾರ ಮಾತ್ರ ಕುತ್ತಿಗಿಯ 7 ಎಲುಬಿನ ಮ್ಯಾಲೇ ಇಳೀತಿತ್ತು.

1968ರಾಗ ಆಫ್ರಿಕಾದಾಗ ಕೆಲಸ ಮಾಡ್ತಿದ್ದ ಲೆವಿ ಅನ್ನೋ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಾಗ ಇಂಥ ತ್ರಾಸಿನ ಬಗ್ಗೆ ಬರೆದು, ‘ಹಮಾಲರ ಕುತ್ತಿಗಿ’ ಅಂತ ಹೆಸರಿಟ್ರು. ನಮ್ಮನ್ಯಾಗ ಅದಕ್ಕ ಹೆಸರೇ ಇರಲಿಲ್ಲ.

ನಮ್ಮಜ್ಜಿ ಮೊದಲು ‘ಕುತ್ತಿಗಿ ಹಿಡದೈತಿ’ ಅಂತಿದ್ಲು. ಆಮ್ಯಾಲೆ ಬೆರಳು ಜೋಮು ಹಿಡದ್ವು, ಕುಪ್ಪಸದ ಗುಂಡಿ ಹಾಕಾಕ ಬರದಂಗಾತು, ನಡೆಯುವಾಗ ಕಾಲು ತಡವರಿಸಾಕ ಹತ್ತಿದ್ವು. ವಯಸ್ಸಾತು ಅಂತ ನಾವು ಎಣ್ಣಿ ಹಚ್ಚಿ ಸುಮ್ಮನಾದ್ವಿ. ಕುತ್ತಿಗಿಯೊಳಗ ಬೆನ್ನುಹುರಿ ಒತ್ತಿದ್ರ ಕೈಕಾಲಿಗೂ, ಮೂತ್ರದ ಹಿಡಿತಕ್ಕೂ ತ್ರಾಸು ಬರ್ತೈತಿ ಅಂತ ತಿಳಿಯೂದರಾಗ ತಡ ಆಗಿತ್ತು.

ಮನಿಗೆ ನಳ ಬಂತು, 2016ರ ಉಜ್ವಲಾ ಯೋಜನೆಯಿಂದ ಬಡವರ ಮನಿಗೂ ಗ್ಯಾಸು ಬಂತು, ತಲಿಹೊರಿ ಕಡಿಮಿ ಆತು. ಈಗ ತಾಸುಗಟ್ಟಲೆ ಮೊಬೈಲಿಗೆ ತಲಿ ಬಗ್ಗಿಸೋದು, ನಿದ್ದಿಗೇಡು, ಚಿಂತಿ, ಬೀಡಿ-ಸಿಗರೇಟು ಇವೂ ಕುತ್ತಿಗಿ ನೋವಿಗೆ ದಾರಿ. ಸಾದಾ ನೋವು ಬಹಳ ಸಲ ಕೆಲವು ವಾರದಾಗ ಇಳೀತೈತಿ. ಆದ್ರ ಕೈ ಸೋತ್ರ, ನಡಿಗಿ ತಪ್ಪಿದ್ರ, ಎಣ್ಣಿ ಬಾಟ್ಲಿ ಬದಿಗಿಟ್ಟು ಲಗೂನ ಡಾಕ್ಟರ ಕಡೆ ಹೋಗ್ರಿ.

ಅಜ್ಜಿಯ ಸಿಂಬಿ ನಮ್ಮನಿ ಗೂಟಕ್ಕ ಇನ್ನೂ ಹಂಗ ತೂಗಾಡ್ತೈತಿ.