ಶ್ರೀಲಂಕಾ: ಪ್ರವಾಸಿಗರ ಸಂಪರ್ಕ ಮತ್ತು ಮಾಧ್ಯಮ

ಶ್ರೀಲಂಕಾದ ಸಂಪರ್ಕ ವ್ಯವಸ್ಥೆ ಬೆಳೆದದ್ದರಲ್ಲಿ ಹೊರಗಿನಿಂದ ಬಂದುಹೋಗುವವರ ಪಾಲು ದೊಡ್ಡದು. 19ನೆಯ ಶತಮಾನದ ನಡುಭಾಗದಲ್ಲಿ ಪೂರ್ವ ದೇಶಗಳತ್ತ ಸಾಗುವ ಉಗಿಹಡಗುಗಳು ಕಲ್ಲಿದ್ದಲು ತುಂಬಿಸಿಕೊಳ್ಳಲು ದಕ್ಷಿಣದ ಗಾಲೆ ಬಂದರಿನಲ್ಲಿ ತಂಗುತ್ತಿದ್ದವು. ಯುರೋಪಿನ ಟಪಾಲು, ಪತ್ರಿಕೆಗಳು ಇಳಿಯುತ್ತಿದ್ದುದೂ ಅಲ್ಲೇ. ಕೊಲಂಬೊ ಅಲ್ಲಿಂದ ಸುಮಾರು 115 ಕಿ.ಮೀ. ದೂರ; ಟಪಾಲು ಕುದುರೆಗಾಡಿಯಲ್ಲಿ ಬರಬೇಕಿತ್ತು. 1834ರಲ್ಲಿ ಹುಟ್ಟಿದ ಅಬ್ಸರ್ವರ್ ಪತ್ರಿಕೆ 1850ರಲ್ಲಿ ಪಾರಿವಾಳಗಳನ್ನು ಸಾಕಿ ಈ ವಿಳಂಬ ತಪ್ಪಿಸಲೊಂದು ದಾರಿ ಕಂಡುಕೊಂಡಿತು. ಹಡಗು ತಂದ ಸುದ್ದಿಯ ಸಾರವನ್ನು ತೆಳುಹಾಳೆಯಲ್ಲಿ ಬರೆದು, ಹಕ್ಕಿಗೆ ಕಟ್ಟಿ ಗಾಲೆಯಿಂದ ಹಾರಿಬಿಡುತ್ತಿದ್ದರು. ಗಾಡಿ ಊರು ಮುಟ್ಟುವ ಹೊತ್ತಿಗೆ ಕೊಲಂಬೊದವರಿಗೆ ಸುದ್ದಿ ತಿಳಿದಿರುತ್ತಿತ್ತು. 1858ರಲ್ಲಿ ಗಾಲೆ–ಕೊಲಂಬೊ ನಡುವೆ ತಂತಿ ಎಳೆದ ಮೇಲೆ ಪಾರಿವಾಳಗಳ ಕೆಲಸ ಮುಗಿಯಿತು.

ತಂತಿಯ ನಂತರ ಬಂದದ್ದು ಬಾನುಲಿ. ಎಡ್ವರ್ಡ್ ಹಾರ್ಪರ್ ಎಂಬ ಎಂಜಿನಿಯರ್‌ನ ಶ್ರಮದಿಂದ 1925ರಲ್ಲಿ ಕೊಲಂಬೊ ಬಾನುಲಿ ನಿಯತವಾಗಿ ಆರಂಭವಾಯಿತು. ಎರಡನೆಯ ಮಹಾಯುದ್ಧದಲ್ಲಿ ಮಿತ್ರಪಡೆಯ ಸೈನಿಕರಿಗಾಗಿ ಇಲ್ಲಿ ರೇಡಿಯೊ ಸೀಯಾಕ್ ನಡೆಯಿತು. ಯುದ್ಧ ಮುಗಿದ ಮೇಲೆ ಅದರ ಪ್ರಬಲ ಶಾರ್ಟ್‌ವೇವ್ ಪ್ರಸಾರಯಂತ್ರ ರೇಡಿಯೊ ಸಿಲೋನ್ ಪಾಲಾಯಿತು. 1952ರಲ್ಲಿ ಭಾರತದ ಸಚಿವ ಬಿ.ವಿ. ಕೇಸ್ಕರ್ ಅವಧಿಯಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡುಗಳು ಮರೆಯಾದಾಗ, ಆ ಯಂತ್ರವೇ ಭಾರತದ ಕೇಳುಗರನ್ನು ಸೆಳೆಯಿತು. ಅದೇ ವರ್ಷ ಶುರುವಾದ ಸಿನಿಮಾ ಹಾಡುಗಳ ಕಾರ್ಯಕ್ರಮ ‘ಬಿನಾಕಾ ಗೀತ್‌ಮಾಲಾ’ವನ್ನು ನಿರೂಪಕ ಅಮೀನ್ ಸಯಾನಿ ಮುಂಬಯಿಯಲ್ಲಿ ಧ್ವನಿಮುದ್ರಿಸುತ್ತಿದ್ದರು; ಟೇಪು ಕೊಲಂಬೊಗೆ ಹೋಗಿ, ಬುಧವಾರ ರಾತ್ರಿ ಕರ್ನಾಟಕದ ಮನೆ, ಹೋಟೆಲುಗಳಲ್ಲೂ ಕೇಳಿಬರುತ್ತಿತ್ತು. ಲಂಕೆಯನ್ನು ಕಣ್ಣಿಂದ ಕಾಣದ ಎಷ್ಟೋ ಜನರಿಗೆ ಆ ದೇಶ ಪರಿಚಯವಾದದ್ದೇ ಕಿವಿಯ ಮೂಲಕ. ಯಾವ ಪ್ರವಾಸೋದ್ಯಮ ಜಾಹೀರಾತಿಗೂ ಇಷ್ಟು ಆಳಕ್ಕೆ ಇಳಿಯಲು ಸಾಧ್ಯವಾಗಿಲ್ಲ. ದೂರದರ್ಶನ ತಡವಾಗಿ ಬಂತು: 1979ರಲ್ಲಿ ಐಟಿಎನ್, 1982ರಲ್ಲಿ ಜಪಾನಿನ ನೆರವಿನಿಂದ ರೂಪವಾಹಿನಿ.

ಮೊಬೈಲಿನಲ್ಲಿ ಮಾತ್ರ ಲಂಕೆ ನೆರೆಯವರಿಗಿಂತ ಮುಂದಿತ್ತು. ಸೆಲ್‌ಟೆಲ್ ಕಂಪನಿ 1989ರಲ್ಲೇ ಸೇವೆ ಆರಂಭಿಸಿತು. ಭಾರತಕ್ಕೆ ಮೊಬೈಲ್ ಬಂದದ್ದು 1995ರಲ್ಲಿ. ಈಗ ಕಟುನಾಯಕೆ ವಿಮಾನ ನಿಲ್ದಾಣದಲ್ಲಿ ಇಳಿದವರು ಪಾಸ್‌ಪೋರ್ಟ್ ತೋರಿಸಿ, ಹೊರಬರುವ ಮುನ್ನವೇ ಪ್ರವಾಸಿ ಸಿಮ್ ಕೊಳ್ಳಬಹುದು.

ಆದರೆ ಇಂಟರ್ನೆಟ್ಟನ್ನೇ ನಂಬಿ ಕೂರುವಂತಿಲ್ಲ. 2019ರ ಈಸ್ಟರ್ ಭಾನುವಾರ ಚರ್ಚು, ಹೋಟೆಲುಗಳಲ್ಲಿ ಬಾಂಬ್ ಸಿಡಿದಾಗ, ಸುಳ್ಳುಸುದ್ದಿ ಹರಡದಿರಲೆಂದು ಸರ್ಕಾರ ಫೇಸ್‌ಬುಕ್, ವಾಟ್ಸಾಪ್‌ಗಳನ್ನು ತಡೆಯಿತು. ಸತ್ತವರಲ್ಲಿ ವಿದೇಶಿಯರೂ ಇದ್ದರು. ತಮ್ಮವರು ಕ್ಷೇಮವೇ ಎಂದು ಮನೆಯವರು ಹಂಬಲಿಸುವ ಗಳಿಗೆಯಲ್ಲೇ ಆ ದಾರಿ ಮುಚ್ಚಿತು. ತಡೆಯ ಉದ್ದೇಶ ಏನೇ ಇರಲಿ, ಪ್ರವಾಸಿಗರ ಮಟ್ಟಿಗೆ ಅದು ಕ್ರೂರವಾಗಿತ್ತು. 2022ರ ಏಪ್ರಿಲ್‌ನಲ್ಲಿ, ಆರ್ಥಿಕ ಕುಸಿತದ ಪ್ರತಿಭಟನೆಗಳ ನಡುವೆ, ಸಾಮಾಜಿಕ ಜಾಲತಾಣಗಳಿಗೆ ಅಲ್ಪಕಾಲ ಮತ್ತೆ ತಡೆ ಬಿತ್ತು. ಹೀಗಾಗಿ ಲಂಕೆಗೆ ಹೋಗುವವರು ಪೊಲೀಸರ 119, ಭಾರತದ ನೆರವಿನಿಂದ 2016ರಲ್ಲಿ ಆರಂಭವಾದ ‘ಸುವ ಸೆರಿಯ’ ಆಂಬುಲೆನ್ಸಿನ 1990 ಮತ್ತು ತಮ್ಮ ಹೋಟೆಲಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಸಿಮ್‌ನಲ್ಲಿ ಮಾಮೂಲಿ ಕರೆ ಮಾಡುವಷ್ಟು ಹಣವೂ ಇರಬೇಕು.