ಬೆತ್ತಕ್ಕೊಂದು ಮಿತಿ, ಆಟಕ್ಕೊಂದು ಹೊತ್ತು

ಇಸ್ಲಾಮೀ ಜಗತ್ತಿನ ಹಳೆಯ ಬಾಲಪಾಠಶಾಲೆಗೆ 'ಕುತ್ತಾಬ್' ಎಂದು ಹೆಸರು. ಅಲ್ಲಿ ಮಕ್ಕಳು ಮರದ ಹಲಗೆಯ ಮೇಲೆ ಕುರಾನಿನ ವಾಕ್ಯಗಳನ್ನು ಬರೆದುಕೊಂಡು, ಬಾಯಿಪಾಠವಾದ ಮೇಲೆ ಹಲಗೆ ತೊಳೆದು, ಮುಂದಿನ ಪಾಠ ಬರೆಯುತ್ತಿದ್ದರು. ಅಕ್ಷರದೊಡನೆ 'ಅದಬ್' ಕೂಡ ಬರಬೇಕಿತ್ತು. ಶಿಸ್ತು, ವಿನಯ, ಸಭ್ಯತೆ ಎಲ್ಲವೂ ಈ ಒಂದು ಅರಬ್ಬೀ ಮಾತಿನಲ್ಲಿ ಅಡಗಿವೆ. ಆದರೆ ಎಳೆಯ ಮಗುವಿಗೆ ಅದನ್ನು ಕಲಿಸುವುದು ಹೇಗೆ? ಬೆತ್ತದಿಂದಲೇ?

ಇಂದಿನ ಟ್ಯುನೀಸಿಯಾದಲ್ಲಿರುವ ಕೈರವಾನ್ ನಗರದ ಇಬ್ನ್ ಸಹ್ನೂನ್ (ಮರಣ 870) ಉಪಾಧ್ಯಾಯರಿಗೆಂದೇ ಒಂದು ನಿಯಮಗ್ರಂಥ ಬರೆದರು. ಬೆತ್ತವನ್ನು ಅವರು ಕಿತ್ತುಹಾಕಲಿಲ್ಲ, ಅದಕ್ಕೆ ಮಿತಿ ಹಾಕಿದರು. ಸಾಮಾನ್ಯವಾಗಿ ಮೂರು ಏಟು ಮೀರಬಾರದು. ತಲೆಗೆ, ಮುಖಕ್ಕೆ ಹೊಡೆಯಬಾರದು. ಬಡವರ ಮಗ, ಸಿರಿವಂತರ ಮಗ ಎಂಬ ಭೇದ ಕೂಡದು. ನಿಯಮ ಮಾಡಬೇಕಾಯಿತೆಂದರೆ, ಮೀರುವವರೂ ಇದ್ದರೆಂದೇ ಅರ್ಥ!

ಪರ್ಷಿಯಾದ ತೂಸ್ ಪಟ್ಟಣದಲ್ಲಿ 1058ರಲ್ಲಿ ಹುಟ್ಟಿದ ಅಲ್-ಗಜಾಲಿ ಇನ್ನೂ ಆಳಕ್ಕೆ ಇಳಿದರು. 'ಇಹ್ಯಾ ಉಲೂಮುದ್ದೀನ್' ಎಂಬ ತಮ್ಮ ಮಹಾಗ್ರಂಥದಲ್ಲಿ ಮಕ್ಕಳ ತರಬೇತಿಗೆಂದೇ ಒಂದು ಭಾಗವನ್ನು ಮೀಸಲಿಟ್ಟರು. ಅವರ ಪ್ರಕಾರ ಮಗು ತಂದೆತಾಯಿಗಳ ಬಳಿ ಇಟ್ಟ ನ್ಯಾಸ. ಅದರ ಮನಸ್ಸು ಇನ್ನೂ ಏನನ್ನೂ ಕೆತ್ತದ ರತ್ನ. ಮೊದಲ ಪಾಠ ಶುರುವಾಗುವುದು ಊಟದಲ್ಲಿ: ದೇವರ ಹೆಸರು ಹೇಳಿ, ಬಲಗೈಯಿಂದ, ತನ್ನ ಮುಂದಿರುವುದನ್ನೇ, ಅವಸರಪಡದೆ ಚೆನ್ನಾಗಿ ಅಗಿದು ತಿನ್ನಬೇಕು. ಅಪ್ಪನ ಆಸ್ತಿಯನ್ನು ಗೆಳೆಯರೆದುರು ಕೊಚ್ಚಿಕೊಳ್ಳಬಾರದು. ಮೆತ್ತನೆಯ ಹಾಸಿಗೆಯೂ ಬೇಡವೆನ್ನುತ್ತಾರೆ. ಇದನ್ನು ಇಂದಿನ ತಾಯಂದಿರು ಒಪ್ಪುವುದು ಕಷ್ಟ.

ತಪ್ಪು ಮಾಡಿದಾಗ ಏನು ಮಾಡಬೇಕು ಎಂಬಲ್ಲಿ ಗಜಾಲಿಯವರ ಸೂಕ್ಷ್ಮದೃಷ್ಟಿ ಕಾಣುತ್ತದೆ. ಮಗು ಒಳ್ಳೆಯದು ಮಾಡಿದರೆ ನಾಲ್ಕು ಜನರ ಮುಂದೆ ಹೊಗಳಬೇಕು. ಮೊದಲ ಸಲ ತಪ್ಪಿ, ಅದನ್ನು ಮುಚ್ಚಿಡಲು ಯತ್ನಿಸಿದರೆ, ಕಂಡರೂ ಕಾಣದಂತಿರಬೇಕು. ಮುಚ್ಚಿಡುವ ಮಗುವಿಗೆ ನಾಚಿಕೆ ಇನ್ನೂ ಉಳಿದಿದೆ. ಬಯಲಿಗೆಳೆದರೆ ಅದೂ ಹೋಗುತ್ತದೆ. ಮತ್ತೆ ತಪ್ಪಿದರೆ ಏಕಾಂತದಲ್ಲಿ ಗದರಬೇಕು. ಪದೇ ಪದೇ ಬೈದರೆ ಮಾತಿನ ಬೆಲೆಯೇ ಇಳಿಯುತ್ತದೆ. ಪಾಠ ಮುಗಿದ ಮೇಲೆ ಆಟಕ್ಕೆ ಬಿಡಲೇಬೇಕು. ಆಟವಿಲ್ಲದ ಓದು ಬುದ್ಧಿಯನ್ನು ಮಂಕಾಗಿಸುತ್ತದೆ, ಓದಿನಿಂದ ತಪ್ಪಿಸಿಕೊಳ್ಳುವ ಉಪಾಯಗಳನ್ನು ಕಲಿಸುತ್ತದೆ.

ಈ ಕೊನೆಯ ಎಚ್ಚರಿಕೆಯನ್ನು ಇಬ್ನ್ ಖಲ್ದೂನ್ ಮತ್ತಷ್ಟು ದೂರ ಒಯ್ದರು. ಟ್ಯೂನಿಸ್‌ನಲ್ಲಿ 1332ರಲ್ಲಿ ಹುಟ್ಟಿದ ಈ ಇತಿಹಾಸಕಾರ 1377ರಲ್ಲಿ ರಚಿಸಿದ 'ಮುಕದ್ದಿಮಾ'ದಲ್ಲಿ, ಅತಿಯಾದ ಕಠಿಣತನ ಎಳೆಯ ಮಕ್ಕಳಿಗೆ ಕೇಡೆಂದು ವಾದಿಸಿದರು. ಏಟಿನ ಭಯಕ್ಕೆ ಮಗು ಸುಳ್ಳು ಹೇಳುತ್ತದೆ. ಸುಳ್ಳು ಅಭ್ಯಾಸವಾಗುತ್ತದೆ, ಅಭ್ಯಾಸವೇ ಸ್ವಭಾವವಾಗುತ್ತದೆ. ಅಂದರೆ ಸತ್ಯ ಕಲಿಸಲು ಎತ್ತಿದ ಬೆತ್ತ ಕಲಿಸಿದ್ದು ಸುಳ್ಳನ್ನು. ರಾಜವಂಶಗಳ ಏಳುಬೀಳುಗಳನ್ನು ಅಳೆದವರಲ್ಲವೇ ಅವರು? ಹೋಲಿಕೆಯೂ ಅಲ್ಲಿಂದಲೇ ಬಂತು: ದಬ್ಬಾಳಿಕೆಗೆ ಸಿಕ್ಕ ಜನಾಂಗಗಳಿಗೆ ಆಗುವುದೂ ಇದೇ ಎಂದರು.