ಪಾವಿನಿಂದ ಗ್ರಾಮಿನವರೆಗೆ

ನಮ್ಮ ಮನೆಯ ಅಕ್ಕಿಯ ಡಬ್ಬದೊಳಗೆ ಒಂದು ಹಿತ್ತಾಳೆಯ ಪಾವು ಇದೆ. ನಾನು ಅಮೆರಿಕೆಗೆ ಹೊರಟಾಗ ತಾಯಿಯವರು ಅದನ್ನು ಸೀರೆಗಳ ನಡುವೆ ಸುತ್ತಿ ಕೊಟ್ಟಿದ್ದರು. ಅವರೀಗ ಇಲ್ಲ. ಕಳೆದ ಯುಗಾದಿಯಂದು ನನ್ನ ಮಗಳು ಅಜ್ಜಿಯ ಅಡುಗೆಯ ಪುಸ್ತಕ ತೆರೆದು, "ಅಮ್ಮಾ, ಒಂದು ಪಾವು ಅಕ್ಕಿ ಎಂದರೆ ಎಷ್ಟು ಗ್ರಾಂ?" ಎಂದು ಕೇಳಿದಳು. ಉತ್ತರ ಸುಲಭವೆಂದು ಭಾವಿಸಿದ್ದೆ. ಆದರೆ ಆ ಪುಟ್ಟ ಪ್ರಶ್ನೆಯ ಹಿಂದೆ ಒಂದು ದೀರ್ಘ ಚರಿತ್ರೆಯೇ ಇತ್ತು.

ನಮ್ಮ ಹಿರಿಯರಿಗೆ ಧಾನ್ಯವು ಅಳೆಯುವ ವಸ್ತುವೇ ಹೊರತು ತೂಗುವ ವಸ್ತುವಲ್ಲ. ಬೆಲ್ಲ, ಹತ್ತಿ, ಲೋಹಗಳಿಗೆ ತಕ್ಕಡಿ. ಭತ್ತ, ರಾಗಿಗಳಿಗೆ ಕೊಳಗ. ಕಣದಲ್ಲಿ ರಾಶಿಯ ಮುಂದೆ ಕುಳಿತ ರೈತನಿಗೆ ತಕ್ಕಡಿ ಏಕೆ? ಒಂದು ಪಾತ್ರೆ ಸಾಕು. ಮೊದಲ ಅಳತೆಯನ್ನು 'ಒಂದು' ಎನ್ನದೆ 'ಲಾಭ' ಎಂದು ಎಣಿಸುವುದು ವಾಡಿಕೆ. ದೇವಾಲಯಗಳಿಗೆ ಬಿಟ್ಟ ಭತ್ತವನ್ನು ನಮ್ಮ ಶಾಸನಗಳು ಖಂಡುಗ, ಕೊಳಗ, ಬಳ್ಳಗಳ ಲೆಕ್ಕದಲ್ಲಿ ಹೇಳುತ್ತವೆ. ಗದ್ದೆಯ ವಿಸ್ತೀರ್ಣವನ್ನು ಸಹ ಅದಕ್ಕೆ ಬೇಕಾಗುವ ಬಿತ್ತನೆಯ ಭತ್ತದಿಂದಲೇ ಗುರುತಿಸುತ್ತಿದ್ದರು. ಹೊಸ ಸೊಸೆ ಹೊಸ್ತಿಲಲ್ಲಿ ಬಲಗಾಲಿನಿಂದ ಉರುಳಿಸುವುದೂ ಅಕ್ಕಿ ತುಂಬಿದ ಸೇರನ್ನೇ.

ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂದು ನಾವು ಬಾಯಿಪಾಠ ಮಾಡಿದ್ದುಂಟು. ಆದರೆ ಸೇರು ಎಲ್ಲೆಡೆಯೂ ಒಂದೇ ಆಗಿರಲಿಲ್ಲ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ 1807ರ ಗ್ರಂಥದಲ್ಲಿ ಆಯಾ ಸ್ಥಳದ ಅಳತೆಗಳನ್ನು ಬೇರೆ ಬೇರೆಯಾಗಿ ದಾಖಲಿಸಬೇಕಾಯಿತು. ಇದರ ಜೊತೆಗೆ ತೂಕದ ಸೇರು ಬೇರೆ: 80 ತೊಲ, ಅಂದರೆ ಸುಮಾರು 933 ಗ್ರಾಂ. ಕೊಳ್ಳುವಾಗ ಗೋಪುರವಾಗಿ ತುಂಬಿಸಿಕೊಂಡು, ಕೊಡುವಾಗ ಅಂಚಿಗೆ ಸಮಮಾಡಿ ಅಳೆಯುವ ಚತುರರಿಗೂ ಕೊರತೆಯಿರಲಿಲ್ಲ. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಮೇರೆಗೆ, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋಗ್ರಾಂ ಬಂದಿತು. ಅಂಗಡಿಯಿಂದ ಸೇರು ನಿರ್ಗಮಿಸಿತು; ಅಡುಗೆಮನೆಯಲ್ಲಿ ಪಾವು ಉಳಿಯಿತು.

ಮಗಳೂ ನಾನೂ ತಕ್ಕಡಿಯ ಮುಂದೆ ಕುಳಿತೆವು. ನಮ್ಮ ಪಾವಿಗೆ 252 ಗ್ರಾಂ ನೀರು ಹಿಡಿಯಿತು, ಎಂದರೆ 252 ಮಿಲಿಲೀಟರು. ಅಂಚಿಗೆ ಸಮಮಾಡಿದ ಸೋನಾಮಸೂರಿ 209 ಗ್ರಾಂ ತೂಗಿತು. ಅಮೆರಿಕೆಯ ಅಳತೆಯ ಬಟ್ಟಲು ಸುಮಾರು 237 ಮಿಲಿಲೀಟರಿನದು. ವಿದ್ಯುತ್ ಕುಕ್ಕರಿನೊಡನೆ ಬರುವ ಬಟ್ಟಲು ಜಪಾನಿನ 'ಗೋ' ಎಂಬ ಅಳತೆಯದು, 180 ಮಿಲಿಲೀಟರು. ಅದರಲ್ಲಿ ಹಿಡಿಯುವ ಅಕ್ಕಿ ಸುಮಾರು 150 ಗ್ರಾಂ. ಈ ಮೂರನ್ನೂ ಒಂದೇ ಎಂದು ಬಗೆದು ಎಷ್ಟು ವರ್ಷ ಅಡುಗೆ ಮಾಡಿದ್ದೇನೋ!

ಆದರೂ ಒಂದು ಸಂದೇಹ ಉಳಿಯಿತು. ಅಕ್ಕಿಯನ್ನೂ ನೀರನ್ನೂ ಒಂದೇ ಪಾತ್ರೆಯಿಂದ ಅಳೆದರೆ ಪಾತ್ರೆ ಯಾವುದಾದರೇನು? ಒಂದಕ್ಕೆ ಎರಡು ಎಂಬ ಪ್ರಮಾಣ ಕೆಡದು. ಹಾಗಿದ್ದರೂ ನನ್ನ ಅನ್ನ ತಾಯಿಯವರ ಅನ್ನದಂತೆ ಉದುರಾಗದೆ ಮೆತ್ತಗಾಗುತ್ತಿದ್ದುದೇಕೆ? ಆಗ ಅವರ ಕೈ ಕಣ್ಣಮುಂದೆ ಬಂದಿತು. ಅಕ್ಕಿಯನ್ನು ಸಮಮಾಡಿ ಅಳೆದರೆ ಮನೆಗೆ ಶ್ರೇಯಸ್ಸಲ್ಲವೆಂದು ಅವರು ಪಾವನ್ನು ಸದಾ ಗೋಪುರವಾಗಿ ತುಂಬುತ್ತಿದ್ದರು. ಹಾಗೆ ತುಂಬಿ ತೂಗಿದೆ: 240 ಗ್ರಾಂ. ಅಕ್ಕಿ ಗೋಪುರವಾಗುತ್ತದೆ, ನೀರು ಆಗದು! ನಾನು ಅಂಚಿಗೆ ಸಮಮಾಡಿದಾಗ ಅಕ್ಕಿ ಕಡಿಮೆಯಾಗಿ ನೀರು ಹೆಚ್ಚಾಗುತ್ತಿತ್ತು.

ಮಗಳು ಪುಸ್ತಕದಲ್ಲಿ "ಅಜ್ಜಿಯ ಪಾವು: 240 ಗ್ರಾಂ" ಎಂದು ಬರೆದಳು. ಅದು ನನ್ನ ಕೈಯ ಗೋಪುರ. ತಾಯಿಯವರದು ಎಷ್ಟು ಎತ್ತರವಿತ್ತೆಂದು ಇನ್ನು ಯಾವ ತಕ್ಕಡಿಯೂ ಹೇಳಲಾರದು. ಆತ್ಮೀಯ ಕನ್ನಡ ಬಂಧುಗಳೇ, ತಮ್ಮ ಮನೆಯಲ್ಲಿ ಹಿರಿಯರೂ ಹಳೆಯ ಪಾವೂ ಇದ್ದರೆ, ಅಳೆಯುವ ಕೈ ಇರುವಾಗಲೇ ಒಮ್ಮೆ ತೂಗಿ ಬರೆದಿಡಿ.